ವಾಲಿಗೂ ಮಾತಾಡೋಕೆ ಬಿಡಿ

ಪುರಾಣದ ಸಿನಿಮಾ ಒಂದು ಬಂತು ಅಂದ್ರೆ ಸಾಕು, ನಮ್ಮ ಕಡೆ ಎರಡು ಪಕ್ಷ ಆಗಿಬಿಡುತ್ತದೆ. ಕಥೆ ಕೆಡಿಸಿದರು ಅನ್ನೋರು ಒಂದು ಕಡೆ. ಸಿನಿಮಾನ ಸಿನಿಮಾ ತರ ನೋಡಿ ಮಾರಾಯ್ರೇ ಅನ್ನೋರು ಇನ್ನೊಂದು ಕಡೆ. 2023ರಲ್ಲಿ 'ಆದಿಪುರುಷ್' ಬಂದಾಗ ಹೊನ್ನಾವರದ ಚಹಾ ಅಂಗಡಿಯಲ್ಲೂ ಇದೇ ಜಗಳ. ಹನುಮಂತನ ಬಾಯಲ್ಲಿ ಬೀದಿ ಮಾತು ಆಡಿಸಿದ್ದರು. ಜನ ಬೈದರು. ಬಿಡುಗಡೆಯಾದ ಮೇಲೆ ಸಂಭಾಷಣೆಯನ್ನೇ ಬದಲಾಯಿಸಬೇಕಾಯಿತು.

ಕಥೆ ಬದಲಾಯಿಸುವುದಕ್ಕೆ ನನ್ನ ತಕರಾರಿಲ್ಲ. ಪಂಪ 10ನೇ ಶತಮಾನದಲ್ಲೇ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನಲ್ಲಿ ತಂದು ಕೂರಿಸಿದ. ಬನವಾಸಿಯನ್ನು ಹೊಗಳಿದ ಅಂತ ನಮ್ಮ ಶಿರಸಿ ಕಡೆಯವರಿಗೆ ಅವನು ಇವತ್ತಿಗೂ ಮನೆಯವನೇ. ಮಹಾಭಾರತ ಕೆಡಿಸಿದ ಅಂತ ಯಾರೂ ಅವನ ಮೇಲೆ ಕೇಸು ಹಾಕಿಲ್ಲ!

ಖಳನ ಕಡೆಯಿಂದ ಕಥೆ ಹೇಳುವುದು ಈಗಿನ ಫ್ಯಾಷನ್ ಅನ್ನುತ್ತಾರೆ. ಅದೂ ಹಳೆಯದೇ. 1958ರ 'ಭೂಕೈಲಾಸ' ನೋಡಿ, ಗೋಕರ್ಣದ ಆತ್ಮಲಿಂಗದ ಕಥೆ. ರಾಜ್‌ಕುಮಾರ್ ಅವರೇ ರಾವಣ. ತಾಯಿಗಾಗಿ ಲಿಂಗ ತರಲು ಹೊರಟ ಮಗ. ನೋಡಿದವರಿಗೆ ಅಯ್ಯೋ ಪಾಪ ಅನ್ನಿಸುವುದು ಅವನ ಮೇಲೆಯೇ. ಕರಾವಳಿಯವರಿಗೆ ಇದೇನು ವಿಚಿತ್ರ ಅಲ್ಲ. ಲಿಂಗ ಕೀಳಲಾಗದೆ ಸಿಟ್ಟಿನಲ್ಲಿ ರಾವಣ ಎಸೆದದ್ದು ಬಿದ್ದಲ್ಲೆಲ್ಲ ನಮಗೆ ದೇವಸ್ಥಾನ. ಧಾರೇಶ್ವರ, ಗುಣವಂತೆ, ಮುರ್ಡೇಶ್ವರ, ಎಲ್ಲ ಅವನ ಸಿಟ್ಟಿನ ಫಲ. ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ, ಭಸ್ಮಾಸುರ ನೋಡೋಕೆ ಜನ ಟಾರ್ಚ್ ಹಿಡಿದು ಗದ್ದೆ ದಾಟಿ ಹೋಗುತ್ತಿದ್ದರು.

ನನ್ನ ತಕರಾರು ಬೇರೆ. ಅದಕ್ಕೆ ತಾಳಮದ್ದಳೆಗೆ ಬರಬೇಕು.

ಅದು ಕೂತು ಮಾತಲ್ಲೇ ನಡೆಸುವ ಯಕ್ಷಗಾನ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಹಾಡುವ ಪದ್ಯ ಹಳೆಯದು. ಅರ್ಥ, ಅಂದ್ರೆ ಪಾತ್ರಧಾರಿ ಆಡುವ ಮಾತು, ಮಾತ್ರ ಆ ರಾತ್ರಿಯದ್ದು, ಬರೆದುಕೊಟ್ಟವರು ಯಾರೂ ಇಲ್ಲ. ಆ ಮಾತು ಆಡುವವನೇ ಅರ್ಥಧಾರಿ. ಒಮ್ಮೆ ಕುಮಟಾ ಕಡೆಯ ಒಂದು ಮನೆಯಲ್ಲಿ ವಾಲಿವಧೆ ಇತ್ತು. ಬಾಣ ನಾಟಿದ ವಾಲಿ ಕೂತಲ್ಲಿಂದಲೇ ಕೇಳಿದ: "ಮರೆಯಲ್ಲಿ ನಿಂತು ಹೊಡೆದೆಯಲ್ಲ ರಾಮ, ಇದು ಯಾವ ಕ್ಷತ್ರಿಯಧರ್ಮ? ಮಡದಿ ಮರಳಿ ಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತು. ರಾವಣ ನನ್ನ ಕಂಕುಳಲ್ಲಿ ಇದ್ದು ಹೋದವನು!"

ಜಗಲಿಯವರು ಕವಳ ತುಂಬಿದ ಬಾಯಲ್ಲೇ ನಕ್ಕರು. ರಾಮನ ಅರ್ಥಧಾರಿ ನಗಲಿಲ್ಲ. ಶಾಲು ಸರಿಮಾಡಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಮಡದಿಯನ್ನು ಕಳೆದುಕೊಂಡವನು, ತಮ್ಮನ ಮಡದಿಯನ್ನು ಇಟ್ಟುಕೊಂಡವನ ಬಾಗಿಲಿಗೆ ನ್ಯಾಯ ಕೇಳಿ ಬರಬೇಕಿತ್ತೇ?"

ಮುಗೀತು. ಚಂಡೆ ಬೇಕಾಗಲಿಲ್ಲ. ಆದರೂ ವಾಲಿಯ ಪ್ರಶ್ನೆ ಸಾಯಲಿಲ್ಲ ನೋಡಿ. ಊಟದ ಪಂಕ್ತಿಯಲ್ಲೂ ಅದೇ ಚರ್ಚೆ.

ಈಗಿನ ಸಿನಿಮಾದಲ್ಲಿ ನನಗೆ ಸಿಗದಿರುವುದು ಈ ಎದುರು ಮಾತು. ನಿರ್ದೇಶಕರು ಒಬ್ಬನನ್ನು ಆರಿಸಿಕೊಳ್ಳುತ್ತಾರೆ. ಅವನಿಗೇ ಡೈಲಾಗು, ಅವನಿಗೇ ಸ್ಲೋ ಮೋಷನ್, ಹಿನ್ನೆಲೆ ಸಂಗೀತವೂ ಅವನ ಪರ. ಎದುರಿನವನು ಸುಮ್ನೆ ಹೊಡೆಸಿಕೊಳ್ಳೋಕೆ ಬಂದ ಹಾಗಿರುತ್ತಾನೆ. ಖಳನನ್ನು ಮೇಲೆತ್ತಬೇಕು ಅಂದ್ರೆ ಉಳಿದವರನ್ನೆಲ್ಲ ಪೆದ್ದರನ್ನಾಗಿ ಮಾಡಲೇಬೇಕಾ? ರಾಮನ ಮೇಲೆ ಅನುಮಾನ ಇದ್ದರೆ ಎತ್ತಲಿ. ಆದರೆ ಅವನ ಉತ್ತರವೂ ಗಟ್ಟಿಯಾಗಿ ಬರಲಿ, ಅಲ್ವಾ?

ಮೆಚ್ಚಿದ್ದೂ ಇದೆ. 2024ರ 'ಕಲ್ಕಿ'ಯಲ್ಲಿ ಅಮಿತಾಭ್ ಬಚ್ಚನ್ ಅವರ ಅಶ್ವತ್ಥಾಮ. ಉತ್ತರೆಯ ಹೊಟ್ಟೆಯಲ್ಲಿದ್ದ ಕೂಸಿನ ಮೇಲೆ ಅಸ್ತ್ರ ಬಿಟ್ಟವನು. ಅವನನ್ನೇ ತಂದು ಇನ್ನೊಬ್ಬ ಬಸುರಿಯ ಕಾವಲಿಗೆ ನಿಲ್ಲಿಸಿದರು. ಅವನ ತಪ್ಪನ್ನು ಮುಚ್ಚಿಡಲಿಲ್ಲ, ಅದರಿಂದಲೇ ಹೊಸ ಕಥೆ ಹುಟ್ಟಿಸಿದರು. ಒಳ್ಳೆ ಅರ್ಥಧಾರಿಗೆ ಹೊಳೆಯುವಂಥ ಯೋಚನೆ ಇದು. ಗಾಡಿ, ಗನ್ನು, ಹೊಡೆದಾಟ ಮಾತ್ರ ನನಗೆ ಜಾಸ್ತಿಯಾಯಿತು.

ಇನ್ನು ನಿತೇಶ್ ತಿವಾರಿಯವರ ರಾಮಾಯಣ. ನಮ್ಮ ಯಶ್ ರಾವಣ, ಮೊದಲ ಭಾಗ 2026ರ ದೀಪಾವಳಿಗೆ ಎಂದು ಘೋಷಿಸಿದ್ದಾರೆ. ಯಶ್‌ಗೆ ಅಬ್ಬರದ ಮಾತು ಸಿಕ್ಕೇ ಸಿಗುತ್ತದೆ, ಅದರ ಚಿಂತೆ ಇಲ್ಲ. ತುಂಬಿದ ಸಭೆಯಲ್ಲಿ ವಿಭೀಷಣ ಎದ್ದು ನಿಂತಾಗ ಅವನಿಗೆ ಎಷ್ಟು ಹೊತ್ತು ಮಾತಾಡಲು ಬಿಡುತ್ತಾರೆ ಅಂತ ನಾನು ನೋಡಬೇಕು.