ಅಮ್ಮ ಫೋನ್ ಎತ್ತಲಿಲ್ಲ

ಇವತ್ತು ಬೆಳಿಗ್ಗೆ ಅಮ್ಮ ಮಾತ್ರೆ ಕೈಗೆ ತಗೊಂಡಿದ್ದಳು ಅಷ್ಟೆ, ಫೋನ್ ಬಡಿದುಕೊಳ್ಳೋಕೆ ಶುರುವಾಯಿತು. ಅವಳು ಎತ್ತಲಿಲ್ಲ. ಮಾತ್ರೆ ನುಂಗಿ ನೀರು ಕುಡಿದಳು. "ಸೋಮವಾರ ಬೆಳಗಿನ ಮಾತ್ರೆ ಆಯ್ತು" ಅಂತ ಜೋರಾಗಿ ಹೇಳಿಕೊಂಡಳು. ಮಾತ್ರೆ ಡಬ್ಬಿಯನ್ನು ಮೇಜಿನ ಎಡಗಡೆಯಿಂದ ಬಲಗಡೆಗೆ ಸರಿಸಿದಳು. ಆಮೇಲೆ ಫೋನ್ ಹತ್ತಿರ ಹೋದಳು. ಅಷ್ಟರಲ್ಲಿ ಅದು ನಿಂತಿತ್ತು. "ಬೇಕಿದ್ರೆ ಮತ್ತೆ ಮಾಡ್ತಾರೆ ಬಿಡು" ಅಂದಳು.

ನನಗೆ ಕಣ್ಣು ತುಂಬಿ ಬಂತು.

ಅಮ್ಮನ ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಸ್ತನ ಕ್ಯಾನ್ಸರ್, ಆಪರೇಷನ್, ಕೀಮೋ, ಈಗ ಹಾರ್ಮೋನ್ ಮಾತ್ರೆ. ಗಡ್ಡೆ ಹೋಯಿತು, ಕೂದಲು ಮತ್ತೆ ಬಂತು. ಆದರೆ ಮಾತಿನ ಮಧ್ಯೆ ಪದ ಸಿಗದೆ ನಿಂತುಬಿಡುತ್ತಿದ್ದಳು. ಮಾತ್ರೆ ತಗೊಂಡೆನಾ ಇಲ್ವಾ ಅಂತ ದಿನಾ ಗೊಂದಲ. ಒಂದು ದಿನ ಎರಡು ಸಲ ನುಂಗಿದ್ದೂ ಆಯಿತು.

ಡಾಕ್ಟರಿಗೆ ಹೇಳಿದರೆ, "ವಯಸ್ಸಾಯ್ತಲ್ಲ, ಇರುತ್ತೆ ಬಿಡಿ" ಅಂದರು. ಅದನ್ನೂ ಅಮ್ಮನಿಗೆ ಹೇಳಲಿಲ್ಲ, ನನ್ನ ಮುಖ ನೋಡಿ ಹೇಳಿದರು. ಚಿಕಿತ್ಸೆಗೆ ಮುಂಚೆ ಇಡೀ ಬಳಗದ ಫೋನ್ ನಂಬರ್ ಬಾಯಲ್ಲಿ ಇಟ್ಟುಕೊಂಡಿದ್ದವಳು ಅವಳು. ಒಂದೇ ವರ್ಷದಲ್ಲಿ ಅಷ್ಟೊಂದು ವಯಸ್ಸಾಗಿಬಿಡುತ್ತಾ?

ಕ್ಯಾನ್ಸರ್ ಬಂದವರಿಗೆ ಆಗುವ ಈ ಮರೆವು, ಗೊಂದಲಕ್ಕೆ ಕೀಮೋ ಬ್ರೇನ್ ಅಂತ ಹೆಸರೇ ಇದೆ. ಕೀಮೋ ಒಂದೇ ಕಾರಣ ಅಂತಲೂ ಅಲ್ಲ. ಹಾರ್ಮೋನ್ ಚಿಕಿತ್ಸೆ, ನಿದ್ದೆಗೇಡು, ಸುಸ್ತು, ಭಯ ಎಲ್ಲವೂ ಸೇರಿಕೊಳ್ಳುತ್ತವೆ. ಕೆಲವರಿಗೆ ಚಿಕಿತ್ಸೆ ಶುರುವಾಗುವ ಮುಂಚೆಯೇ ಕಾಣಿಸುತ್ತದೆ. ಮೂವತ್ತೈದರ ಹೆಂಗಸು ಇದನ್ನೇ ಹೇಳಿಕೊಂಡರೆ ಕೂರಿಸಿ ಕೇಳುತ್ತಾರೆ. ಎಪ್ಪತ್ತೊಂದರವಳು ಹೇಳಿದರೆ ವಯಸ್ಸು ಅನ್ನುತ್ತಾರೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಕೊನೆಗೆ ಒಬ್ಬ ಸೈಕಾಲಜಿಸ್ಟ್ ಸಿಕ್ಕರು. ವಾರಕ್ಕೊಂದು ಸಲ ವಿಡಿಯೋ ಕಾಲ್, ಮುಕ್ಕಾಲು ಗಂಟೆ. ಮೊದಲ ದಿನ ಅವರು ನೆನಪಿನ ಪರೀಕ್ಷೆ ಮಾಡಲೇ ಇಲ್ಲ. "ಅಮ್ಮಾ, ಈ ವಾರ ಏನು ಮರೆತಿರಿ? ಆಗ ಎಷ್ಟು ಹೊತ್ತಾಗಿತ್ತು? ಪಕ್ಕದಲ್ಲಿ ಯಾರಿದ್ದರು? ರಾತ್ರಿ ನಿದ್ದೆ ಬಂದಿತ್ತಾ?" ಅಂತ ಕೇಳಿದರು. ಅದನ್ನೆಲ್ಲ ಬರೆದಿಡೋಕೆ ಹೇಳಿದರು. ಎರಡು ವಾರ ಬರೆದ ಮೇಲೆ ನೋಡಿದರೆ, ಅಮ್ಮನ ಮರೆವು ಹೆಚ್ಚಾಗಿ ಆಗುತ್ತಿದ್ದದ್ದು ಒಂದು ಕೆಲಸದ ನಡುವೆ ಯಾರಾದರೂ ಕರೆದಾಗ. ಮಾತ್ರೆ ಕೈಯಲ್ಲಿದ್ದಾಗ ಫೋನ್ ಬಂದರೆ ಮುಗೀತು.

ಆಮೇಲೆ ಒಂದೊಂದೇ ಅಭ್ಯಾಸ ಕಲಿಸಿದರು. ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದು. ಒಂದು ಮುಗಿಸಿ ಇನ್ನೊಂದಕ್ಕೆ ಕೈ ಹಾಕುವುದು. ಗಾಬರಿಯಾದಾಗ ಉಸಿರು ನಿಧಾನ ಮಾಡುವುದು. ಎಲ್ಲರೂ ಮರೆಯುತ್ತಾರೆ, ಕ್ಯಾನ್ಸರ್ ಬರದವರೂ ಮರೆಯುತ್ತಾರೆ ಅಂತ ಅವರು ಹೇಳಿದಾಗ ಅಮ್ಮನ ಭುಜ ಇಳಿದದ್ದು ನನಗೆ ಕಾಣಿಸಿತು. ಅಷ್ಟು ದಿನ ತನಗೆ ಬುದ್ಧಿ ಕೆಡುತ್ತಿದೆ ಅಂತ ಒಳಗೊಳಗೇ ಹೆದರಿದ್ದಳಂತೆ. ನನಗೂ ಹೇಳಿರಲಿಲ್ಲ.

ಇದು ಯಾರೋ ಸುಮ್ನೆ ಹುಟ್ಟಿಸಿದ ವಿಧಾನ ಅಲ್ಲ. ಅಮೆರಿಕದ ಸೈಕಾಲಜಿಸ್ಟ್ ರಾಬರ್ಟ್ ಫರ್ಗ್ಯುಸನ್ ಮತ್ತು ಜೊತೆಯವರು ಇಂಥದ್ದೇ ತರಬೇತಿ ರೂಪಿಸಿದ್ದಾರೆ. ಮೆಮೊರಿ ಅಂಡ್ ಅಟೆನ್ಷನ್ ಅಡಾಪ್ಟೇಶನ್ ಟ್ರೈನಿಂಗ್ ಅಂತ ಹೆಸರು, ಅಂದರೆ ನೆನಪು, ಗಮನದ ತೊಂದರೆಗೆ ಹೊಂದಿಕೊಂಡು ನಡೆಯೋದನ್ನು ಕಲಿಸುವ ತರಬೇತಿ. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಸ್ತನ ಕ್ಯಾನ್ಸರ್ ದಾಟಿ ಬಂದ 47 ಹೆಂಗಸರಿದ್ದರು. ಎಲ್ಲರಿಗೂ ವಿಡಿಯೋದಲ್ಲೇ 8 ಭೇಟಿ. ಕೆಲವರಿಗೆ ಈ ತರಬೇತಿ, ಉಳಿದವರಿಗೆ ಧೈರ್ಯ ಹೇಳುವ ಮಾತುಕತೆ ಮಾತ್ರ. ತರಬೇತಿ ಪಡೆದವರಿಗೆ ನೆನಪಿನ ತೊಂದರೆ ಕಡಿಮೆ ಅನಿಸಿತು, ಯೋಚನೆಯ ವೇಗದ ಪರೀಕ್ಷೆಯಲ್ಲೂ ಅವರೇ ಮುಂದಿದ್ದರು.

"ವಯಸ್ಸಾದವರಿಗೆ ವಿಡಿಯೋ ಗಿಡಿಯೋ ಎಲ್ಲಿ ಬರುತ್ತೆ, ಎದುರಿಗೆ ಕೂತು ಮಾಡಬೇಕು" ಅಂತ ನಮ್ಮ ಮಾವ ಹೇಳಿದರು. ಕಿವಿ ಮಂದ ಇದ್ದವರಿಗೆ ಕಷ್ಟ, ಒಪ್ಪುತ್ತೇನೆ. ಅದಕ್ಕೆ ಹೆಡ್‌ಫೋನ್ ಇದೆ, ದೊಡ್ಡ ಪರದೆ ಇದೆ, ಬರೀ ಫೋನಿನಲ್ಲೂ ಎಷ್ಟೋ ಕೆಲಸ ಆಗುತ್ತೆ. ಆದರೆ ಅಮ್ಮ ಮರೆಯೋದು ಆಸ್ಪತ್ರೆಯಲ್ಲಿ ಅಲ್ಲವಲ್ಲ, ಮನೆಯಲ್ಲಿ. ಆ ಮೇಜು, ಆ ಡಬ್ಬಿ, ಆ ಫೋನ್ ಇರೋದೂ ಇಲ್ಲೇ. ಸೈಕಾಲಜಿಸ್ಟ್ ಕ್ಯಾಮೆರಾದಲ್ಲೇ ಮೇಜು ನೋಡಿ, ಡಬ್ಬಿ ಎಲ್ಲಿಡಬೇಕು ಅಂತ ಹೇಳಿದರು. ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಅವಳು ಸುಸ್ತಾಗಿ ಅರ್ಧ ಮಾತು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ.

ಒಂದು ವಿಷಯ ಮಾತ್ರ ನೆನಪಿಡಿ. ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲ ಜಾಸ್ತಿಯಾದರೆ ವಿಡಿಯೋ ಕಾಲ್‌ಗೆ ಕಾಯಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ. ಸೋಂಕು ಇರಬಹುದು, ಔಷಧಿಯ ಪರಿಣಾಮ ಇರಬಹುದು. ನಿದ್ದೆ ಮಾತ್ರೆ, ಕೆಲವು ಅಲರ್ಜಿ ಮಾತ್ರೆಗಳೂ ವಯಸ್ಸಾದವರ ನೆನಪನ್ನು ಮಂಕು ಮಾಡುತ್ತವೆ.

ಇನ್ನೊಂದು ಹೇಳಲೇಬೇಕು. ಡಾಕ್ಟರ ಮೇಲೆ ಇಷ್ಟು ಸಿಟ್ಟು ಮಾಡಿಕೊಳ್ಳುವ ನಾನೂ ಅದನ್ನೇ ಮಾಡಿದ್ದೇನೆ. ಅವಳ ಮಾತನ್ನು ನಾನೇ ಪೂರ್ತಿ ಮಾಡುತ್ತಿದ್ದೆ. "ಈಗ ತಾನೆ ಹೇಳಿದ್ನಲ್ಲಮ್ಮಾ" ಅಂತ ರೇಗುತ್ತಿದ್ದೆ. ಬರಬರುತ್ತಾ ಅವಳು ಮಾತಾಡೋದನ್ನೇ ಕಡಿಮೆ ಮಾಡಿದ್ದಳು. ಅದನ್ನೂ ನಾನು ವಯಸ್ಸು ಅಂದುಕೊಂಡೆ.

ನಾಳೆ ಆರನೇ ಭೇಟಿ. ಕೇಳಬೇಕಾದ್ದನ್ನೆಲ್ಲ ಅಮ್ಮ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಏನು ಬರೆದೆ ಅಂತ ಕೇಳಿದೆ. "ಅದು ಅವರ ಹತ್ತಿರ ಮಾತಾಡೋದು, ನಿನಗ್ಯಾಕೆ" ಅಂತ ಮಡಚಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡಳು.