ಅಳು ಕಲಿಸಿದವರು ಯಾರು?

ಹೋದ ಬ್ಯಾಸಗಿಯಲ್ಲಿ ಜಮಖಂಡಿ ಕಡೆಯ ನಮ್ಮೂರಲ್ಲಿ ಆಯಿ, ಅಂದರೆ ಅಪ್ಪನ ಅವ್ವ, ತೀರಿಕೊಂಡಳು. ಅತ್ತಿ ಬಾಗಿಲಿಗೆ ಬಂದವಳೇ ಹಾಡ್ಯಾಡಿ ಅಳಲು ಶುರು ಮಾಡಿದಳು. 'ತವರಮನಿ ಬಾಗಲಾ ಮುಚ್ಚಿ ಹೋದ್ಯಲ್ಲಽ ಯವ್ವಾ, ಪಂಚಮಿಗೆ ನನ್ನ ಯಾರ ಕರಿಯಾಕ ಬರ್ತಾರ...' ನಡುವೆ ಸೆರಗಿನಿಂದ ಮೂಗು ಒರೆಸಿಕೊಂಡು, 'ಎಮ್ಮಿಗೆ ನೀರ ಕುಡಿಸೀರೇನು?' ಎಂದು ಕೇಳಿದಳು. ಬಿಟ್ಟಲ್ಲಿಂದಲೇ ಮತ್ತೆ ಅಳು ಎತ್ತಿಕೊಂಡಳು.

ಪೇಟೆಯಿಂದ ಬಂದಿದ್ದ ಒಬ್ಬರು 'ಎಲ್ಲಾ ತೋರಿಕಿ' ಎಂದು ನನ್ನ ಕಿವಿಯಲ್ಲಿ ಅಂದರು. ಆ ಮಾತು ನಾನು ಒಪ್ಪುವುದಿಲ್ಲ. ಸಂಕಟ ಅತ್ತಿಯದೇ. ರಾಗ ಮಾತ್ರ ಓಣಿಯಲ್ಲಿ ಯಾರ್ಯಾರೋ ಸತ್ತಾಗ ಕೇಳಿ ಕೇಳಿ ಬಂದದ್ದು. ಅದಿಲ್ಲದಿದ್ದರೆ ಅಷ್ಟು ಭಾರವನ್ನು ಅವಳು ಎಲ್ಲಿ ಇಳಿಸಬೇಕಿತ್ತು?

ಅಪ್ಪ ಅಳಲಿಲ್ಲ. ಕಂಬಕ್ಕೆ ಒರಗಿ ಕೂತಿದ್ದ. ಹುಬ್ಬಿನ ಒಳತುದಿಗಳು ಮಾತ್ರ ಮೇಲೆದ್ದು ಹಣೆಯ ನಡುವೆ ಗೆರೆ ಮೂಡಿತ್ತು. ಶೋಕದ ಈ ಗುರುತನ್ನು ಡಾರ್ವಿನ್ 1872ರಲ್ಲೇ ಬರೆದಿಟ್ಟಿದ್ದಾನೆ. ಆ ಸ್ನಾಯುಗಳನ್ನು ಬೇಕೆಂದಾಗ ಆಡಿಸಲು ಹೆಚ್ಚಿನವರಿಗೆ ಬರುವುದಿಲ್ಲವಂತೆ. ಬಾಯಿ ಬಿಗಿಹಿಡಿಯುವುದನ್ನು ಊರು ಅಪ್ಪನಿಗೆ ಕಲಿಸಿತ್ತು. ಹುಬ್ಬು ಊರಿನ ಮಾತು ಕೇಳಲಿಲ್ಲ. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನ ಜೂಡೋದಲ್ಲಿ ಹುಟ್ಟಿನಿಂದ ಕಣ್ಣಿಲ್ಲದವರು ಗೆದ್ದಾಗ, ಸೋತಾಗ ತೆಗೆದ ಫೋಟೋಗಳನ್ನು ಸಂಶೋಧಕರು ಕಣ್ಣಿದ್ದ ಆಟಗಾರರ ಫೋಟೋಗಳ ಜೊತೆ ಇಟ್ಟು ನೋಡಿದರು. ಮುಖಭಾವ ಹೆಚ್ಚುಕಡಿಮೆ ಒಂದೇ. ಯಾರ ಮುಖವನ್ನೂ ನೋಡಿ ಕಲಿತವರಲ್ಲ ಅವರು.

ನನ್ನ ಒಂಬತ್ತು ವರ್ಷದ ಮಗ ಬಿಕ್ಕಿ ಬಿಕ್ಕಿ ಅಳುತ್ತಿದ್ದ. 'ಗಣಮಗ ಆಗಿ ಅಳ್ತಿಯೇನಲೇ?' ಎಂದರು ಹಿರಿಯರೊಬ್ಬರು. ಹುಡುಗ ತಟ್ಟನೆ ಅಳು ನುಂಗಿದ. ಗಂಟಲು ಎರಡು ಸಲ ಏರಿ ಇಳಿದದ್ದು ಕಂಡೆ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ದುಃಖ ಮೈಯೊಳಗಿಂದ ತಾನಾಗೇ ಏಳುತ್ತದೆ, ಅದಕ್ಕೆ ದಾರಿ ಬಿಡುವವರೂ ಒಡ್ಡು ಹಾಕುವವರೂ ನಾವು. ಮಕ್ಕಳಿಗೆ ದಯವಿಟ್ಟು ಹಾಗನ್ನಬೇಡಿ. ಹೆಣ್ಣುಮಕ್ಕಳಿಗೆ ರಾಗ ಕೊಟ್ಟ ಊರು ಗಂಡಸರಿಗೆ ಏನೂ ಕೊಟ್ಟಿಲ್ಲ ಎಂದೇ ಅಂದು ನನಗನಿಸಿತ್ತು.

ಆಮೇಲೆ ಮೊಹರಮ್ ಬಂತು. ಹಬ್ಬದ ಕೊನೆಯ ದಿನದ ಹಿಂದಿನ ಕತಲ್ ರಾತ್ರಿ, ಬೆಂಕಿ ಹಾಕುವ ಅಲಾವಿ ಕುಣಿಯ ಹತ್ತಿರ ಮೊಹರಮ್ಮಿನ ರಿವಾಯತ ಪದ ಹಾಡುತ್ತಿದ್ದರು. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳಲ್ಲಿ ನೀರಿಲ್ಲದೆ ಬಳಲಿದ, ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರ ಮನೆಯವರ ಕತೆ, ನಮ್ಮ ಜವಾರಿ ಕನ್ನಡದಲ್ಲಿ. ಕೂಸಿಗೆ ನೀರು ಕೇಳುವ ಜಾಗ ಬಂದಾಗ ಅಪ್ಪ ಹೆಗಲ ಮೇಲಿನ ಟವೆಲ್ ಮುಖಕ್ಕೆ ಒತ್ತಿಕೊಂಡ. ಭುಜಗಳು ಅಲುಗುತ್ತಿದ್ದವು. ಯಾರೂ ಏನೂ ಅನ್ನಲಿಲ್ಲ. ಅತ್ತದ್ದು ಆ ಕೂಸಿಗೋ, ಆಯಿಗೋ? ಇಬ್ಬರಿಗೂ ಎಂದೇ ನನ್ನ ನಂಬಿಕೆ.

ಮಗ ಅಜ್ಜನ ಮಗ್ಗುಲಿಗೆ ಸರಿದು ಕೂತ. ಅವನನ್ನು ಗದರಿದ್ದ ಹಿರಿಯರು ಎದುರಿಗೇ ಇದ್ದರು. ಅವರ ಕಣ್ಣೂ ಒದ್ದೆಯಾಗಿತ್ತು.