ಮಿಲಿಟರಿ ಲಾರಿಯನ್ನು ಗಿಡ್ಡ ಮಾಡಿ ಓಡಿಸಬಹುದೇ? ಪರ–ವಿರೋಧ

ಪರ: ಗುಜರಿಗೆ ಹಾಕೋದಕ್ಕಿಂತ ಇದು ಮೇಲು

ಜಬಲ್ಪುರದಲ್ಲಿ ತಯಾರಾದ ಶಕ್ತಿಮಾನ್ ಲಾರಿಯ ಅಡಿಗೆ ಒಮ್ಮೆ ಬಗ್ಗಿ ನೋಡಿ. ಜರ್ಮನಿಯ ಮ್ಯಾನ್ ಕಂಪನಿಯ ವಿನ್ಯಾಸ ಅದು. ಸೈನ್ಯದ ಕೆಲಸಕ್ಕೆಂದೇ ಕಟ್ಟಿದ ಗಟ್ಟಿ ಚಾಸಿ (ಗಾಡಿಯನ್ನು ಹೊರುವ ಉಕ್ಕಿನ ಚೌಕಟ್ಟು), ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತ. ಇಂಥ ಗಾಡಿ, ಸೈನ್ಯ ತನ್ನ ಹಳೆಯ ಗಾಡಿ ಮಾರುವ ಡಿಸ್ಪೋಸಲ್ ಹರಾಜಿಗೆ ಬಂದ ಮೇಲೆ ಸಾಮಾನ್ಯವಾಗಿ ಏನಾಗುತ್ತದೆ? ಗ್ಯಾಸ್ ಕಟ್ಟರ್‌ಗೆ ಸಿಕ್ಕಿ ಕೆ.ಜಿ. ಲೆಕ್ಕದಲ್ಲಿ ಹೋಗುತ್ತದೆ. ಗೇರ್‌ಬಾಕ್ಸು, ಹೌಸಿಂಗು (ಚಕ್ರದ ಅಚ್ಚು ಕೂರುವ ಉಕ್ಕಿನ ಕವಚ) ಚೆನ್ನಾಗಿದ್ದರೂ ಅದೇ ಗತಿ. ನನಗೆ ಇದನ್ನು ನೋಡಿ ಸುಮ್ನೆ ಇರೋಕೆ ಆಗುವುದಿಲ್ಲ. ಅದರ ಬದಲು ಗಾಡಿಯ ಉದ್ದ ಕಡಿಮೆ ಮಾಡಿ ಮತ್ತೆ ಓಡಿಸಬಹುದು ಅನ್ನೋದು ನನ್ನ ವಾದ.

ಅಮೆರಿಕದಲ್ಲಿ ಎಂ35 ಅನ್ನೋ ಎರಡೂವರೆ ಟನ್ನಿನ ಲಾರಿ ಇದೆ. 1950ರ ಸುಮಾರಿಗೆ ಸೈನ್ಯಕ್ಕೆ ಬಂತು. ಮೂರು ಆ್ಯಕ್ಸಲ್ (ಚಕ್ರದ ಅಚ್ಚು), ಆರೂ ಕಡೆ ಎಳೆತ. ಸೈನ್ಯ ಅವನ್ನು ಮಾರಿದಾಗ ಕೊಂಡವರು ಹಿಂದಿನ ಒಂದು ಆ್ಯಕ್ಸಲ್ ತೆಗೆದು, ಚಾಸಿ ಮೋಟು ಮಾಡಿ, ಜೋಡಿ ಟಯರಿನ ಬದಲು ಒಂದೊಂದೇ ದೊಡ್ಡ ಟಯರ್ ಹಾಕಿ ಓಡಿಸಿದರು. ‘ಬಾಬ್ಡ್ ಡ್ಯೂಸ್’ ಅಂತ ಅದಕ್ಕೊಂದು ಹೆಸರೇ ಬಿತ್ತು. ಗಿಡ್ಡ ಮಾಡಿದರೆ ತಿರುವಿನಲ್ಲಿ ಜಾಗ ಕಡಿಮೆ ಸಾಕು. ದಿಬ್ಬ ಹತ್ತಿ ಇಳಿಯುವಾಗ ಹೊಟ್ಟೆ ತಾಗುವುದಿಲ್ಲ.

ಕೆಲಸವನ್ನು ಹೇಗೆ ಮಾಡುತ್ತಾರೆ ಅನ್ನೋದರ ಮೇಲೆ ಎಲ್ಲವೂ ನಿಂತಿದೆ. ಚಾಸಿಯನ್ನು ನಡುವೆ ಕತ್ತರಿಸಿ ವೆಲ್ಡಿಂಗ್ ಹೊಡೆಯುವವರು ಇದ್ದಾರೆ. ಅದು ಬೇಡ. ವೆಲ್ಡಿಂಗಿನ ಬಿಸಿ ತಾಗಿದ ಕಡೆ ಉಕ್ಕಿನ ಗುಣವೇ ಬದಲಾಗಬಹುದು, ಬಿರುಕು ಅಲ್ಲಿಂದಲೇ ಶುರು. ತಿಳಿದವರು ನಡುಭಾಗವನ್ನು ಮುಟ್ಟುವುದೇ ಇಲ್ಲ. ಹಿಂದಿನ ಹೌಸಿಂಗನ್ನು ಸ್ಪ್ರಿಂಗ್ ಪಟ್ಟಿ, ಬ್ರಾಕೆಟ್ ಸಮೇತ ಬಿಚ್ಚಿ ಮುಂದಕ್ಕೆ ತಂದು, ಹೈಟೆನ್ಸೈಲ್ (ಹೆಚ್ಚು ಎಳೆತ ತಾಳುವ) ಬೋಲ್ಟ್ ಹಾಕಿ ಕೂರಿಸುತ್ತಾರೆ. ತೂತು ಕೊರೆಯುವುದು ಚಾಸಿಯ ನಿಲುವಾದ ಮಗ್ಗುಲಲ್ಲಿ ಮಾತ್ರ. ಮೇಲಿನ, ಕೆಳಗಿನ ಅಂಚಿಗೆ ಕೈ ಹಾಕುವಂತಿಲ್ಲ, ಜಾಸ್ತಿ ಒತ್ತಡ ಬೀಳುವುದೇ ಅಲ್ಲಿ. ಆಮೇಲೆ ಹಿಂದೆ ಉಳಿದ ಬಾಲವನ್ನಷ್ಟೇ ಕತ್ತರಿಸುತ್ತಾರೆ. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಮಾಡಿ, ಎರಡು ತುದಿಯ ಯೋಕನ್ನೂ (ಕವೆಯಂಥ ಹಿಡಿ) ಒಂದೇ ನೇರಕ್ಕೆ ತಂದು ಬ್ಯಾಲೆನ್ಸಿಂಗ್ ಮಾಡಿಸಬೇಕು. ಶಾಫ್ಟ್ ಗಿಡ್ಡವಾದಷ್ಟೂ ಅದರ ತುದಿಯ ಕೀಲುಗಳಾದ ಕ್ರಾಸ್‌ಗಳ ಓರೆ ಹೆಚ್ಚುತ್ತದೆ, ಲೆಕ್ಕ ತಪ್ಪಿದರೆ ಬೇಗ ಸವೆಯುತ್ತವೆ. ಬ್ರೇಕ್ ಪೈಪು ಹೊಸದಾಗಿ ಎಳೆಯಬೇಕು. ಮೈಸೂರಿನ ಲೇತ್ ಅಂಗಡಿಗಳಲ್ಲಿ, ಮಂಡ್ಯದಲ್ಲಿ ಕಬ್ಬಿನ ಟ್ರಾಲಿ ಕಟ್ಟುವ ಶೆಡ್‌ಗಳಲ್ಲಿ ಇದನ್ನು ಮಾಡಬಲ್ಲ ಕೈಗಳಿವೆ. ಅವರಿಗೆ ಬರೀ ಟ್ರಾಲಿ ರಿಪೇರಿಯೇ ಸಾಕು ಅಂತ ನಾವ್ಯಾಕೆ ತೀರ್ಮಾನ ಮಾಡಬೇಕು?

ಉಪಯೋಗ ಏನು ಅಂತ ಕೇಳುತ್ತಾರೆ. 2018 ಮತ್ತು 2019ರಲ್ಲಿ ಕಪಿಲೆ ಉಕ್ಕಿದಾಗ ಮಲ್ಲನಮೂಲೆಯ ಹತ್ತಿರ ನಂಜನಗೂಡಿನ ಹೆದ್ದಾರಿಯೇ ಮುಳುಗಿತ್ತು. ಅಂಥ ಹೊತ್ತಿನಲ್ಲಿ ಬೇಕಾಗುವುದು ಎತ್ತರದ, ಸಂದಿಯಲ್ಲೂ ತಿರುಗುವ ಗಾಡಿ. ಎಚ್.ಡಿ. ಕೋಟೆ ಕಡೆ ಎರೆಮಣ್ಣಿನಲ್ಲಿ ಮಳೆ ಬಿದ್ದ ಮೇಲೆ ಪಿಕಪ್ ಹೂತುಹೋಗುವುದನ್ನು ರೈತರು ಪ್ರತಿ ವರ್ಷ ನೋಡುತ್ತಾರೆ.

ಗಾಡಿಯ ಮೂಲ ಅಳತೆ ಬದಲಿಸೋಕೆ ಕಾನೂನು ಅಡ್ಡ ಬರುತ್ತದೆ, ನಿಜ. ಹಾಗಂತ ಕಾನೂನು ಬದಲಾಗಬಾರದು ಅಂತೇನಿಲ್ಲವಲ್ಲ. ಬ್ರಿಟನ್ನಿನಲ್ಲಿ ಒಬ್ಬರೇ ಕಟ್ಟಿದ ಒಂದೇ ಗಾಡಿಗೂ ಸರ್ಕಾರಿ ತಪಾಸಣೆ ಇದೆ. ಪಾಸಾದರೆ ರಸ್ತೆಗೆ ತರಬಹುದು. ನಮ್ಮಲ್ಲಿ 1946ರಿಂದ ಮೈಸೂರಿನ ಎನ್‌ಐಇ ಎಂಜಿನಿಯರಿಂಗ್ ಕಾಲೇಜಿದೆ, 1962ರಿಂದ ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿದೆ. ಬ್ರೇಕು, ಚಾಸಿ ಪರೀಕ್ಷೆಯ ಹೊಣೆಯನ್ನು ಅಂಥ ಕಡೆ ಕೊಡಲಿ. ಫೇಲಾದ ಗಾಡಿಯನ್ನು ಗುಜರಿಗೇ ಕಳಿಸಲಿ, ನನ್ನ ತಕರಾರಿಲ್ಲ.

ವಿರೋಧ: ಅಮೆರಿಕದ ಕಾರಣ ನಮ್ಮ ಲಾರಿಗೆ ಹೊಂದುವುದಿಲ್ಲ

ಎಂ35ಗೆ ಮೂರು ಆ್ಯಕ್ಸಲ್. ಒಂದನ್ನು ತೆಗೆದರೆ ತೂಕವೂ ಇಳಿಯುತ್ತದೆ, ಉದ್ದವೂ ಇಳಿಯುತ್ತದೆ. ಶಕ್ತಿಮಾನ್‌ಗೆ ಇರುವುದೇ ಎರಡು. ತೆಗೆಯೋಕೆ ಏನೂ ಇಲ್ಲ. ಎಳೆತವಂತೂ ಮೊದಲಿನಿಂದಲೂ ನಾಲ್ಕೂ ಚಕ್ರಕ್ಕಿದೆ. ಹಾಗಾದರೆ ಕತ್ತರಿಸಿ ಗಳಿಸುವುದು ಒಂದಿಷ್ಟು ತಿರುವು, ಅಷ್ಟೇ ಅಲ್ವಾ? ಅದಕ್ಕೆ ಕೊಡುವ ಬೆಲೆ ತುಂಬಾ ಜಾಸ್ತಿ.

ಬೆಲೆ ಅಂದರೆ ಮೊದಲು ಬ್ರೇಕು. ಗಾಡಿ ನಿಲ್ಲಿಸುವಾಗ ಭಾರ ಹಿಂದಿನಿಂದ ಮುಂದಕ್ಕೆ ವಾಲುತ್ತದೆ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 4 ಮೀಟರ್ ಇದ್ದದ್ದನ್ನು 3ಕ್ಕೆ ಇಳಿಸಿದಿರಿ ಅನ್ನಿ. ಅದೇ ತೂಕ, ಅದೇ ಎತ್ತರ, ಅದೇ ಬ್ರೇಕಿಗೆ ಹೀಗೆ ವಾಲುವ ಭಾರ ಮೂರನೇ ಒಂದು ಪಾಲು ಜಾಸ್ತಿಯಾಗುತ್ತದೆ. ಹಿಂದಿನ ಚಕ್ರದ ಮೇಲೆ ಉಳಿಯುವ ಭಾರ ಅಷ್ಟು ಕಡಿಮೆಯಾಗುತ್ತದೆ. ಆದರೆ ಅಲ್ಲಿರುವ ಬ್ರೇಕ್ ಡ್ರಮ್ಮು, ಸ್ಪ್ರಿಂಗ್ ಪಟ್ಟಿ ಎಲ್ಲವೂ ಟನ್‌ಗಟ್ಟಲೆ ಸಾಮಾನು ಹೊರುವ ಲೆಕ್ಕಕ್ಕೆ ಮಾಡಿದ್ದು. ಖಾಲಿ ಗಾಡಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಲಾಕ್ ಆಗಿ ಅಡ್ಡ ಜಾರುತ್ತದೆ. ಬೋಲ್ಟ್ ಎಷ್ಟೇ ಗಟ್ಟಿ ಇರಲಿ, ಬೆಸುಗೆ ಇಲ್ಲದೇ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ. ಮೇಲಿಂದ ದೊಡ್ಡ ಟಯರ್ ಹಾಕಿ ಎತ್ತರಿಸಿದರೆ ಇನ್ನೂ ಅಪಾಯ.

ಇಂಥ ಗಾಡಿ ಹೋಗುವ ದಾರಿಗಳನ್ನೂ ನೋಡಿ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಸತ್ತರು. ಆ ಬಸ್ಸಿನ ಕಥೆ ಬೇರೆ. ಆದರೆ ನಾಲೆ ಪಕ್ಕದ ಇಕ್ಕಟ್ಟು ರಸ್ತೆ ಎಂಥದ್ದು ಅಂತ ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬು ಅರೆಯುವ ಕಾಲದಲ್ಲಿ ಅದೇ ರಸ್ತೆಯಲ್ಲಿ ಎತ್ತಿನಗಾಡಿ, ಟ್ರ್ಯಾಕ್ಟರ್, ಶಾಲೆ ಮಕ್ಕಳು ಎಲ್ಲರೂ ಇರುತ್ತಾರೆ. ಗಾಡಿಯ ಮಾಲೀಕ ಅಪಾಯ ಒಪ್ಪಿಕೊಂಡಿರಬಹುದು. ಅವರು ಒಪ್ಪಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಇದೇ.

ಕಾನೂನನ್ನು ಸುಮ್ನೆ ಅಡ್ಡಿ ಅಂತ ತಳ್ಳಿಹಾಕುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿತು. ವೀಲ್‌ಬೇಸ್ ಆರ್‌ಸಿಯಲ್ಲೇ ಬರೆದಿರುತ್ತದೆ. ಅಪಘಾತವಾದ ದಿನ ವಿಮೆಯವರು ಟೇಪ್ ಹಿಡಿದು ಅಳೆದರೆ ಏನು ಉತ್ತರ ಕೊಡುತ್ತೀರಿ? ಬ್ರಿಟನ್ನಿನಂಥ ತಪಾಸಣೆ ಇಲ್ಲಿಗೂ ಬರಲಿ ಅನ್ನೋದು ಒಳ್ಳೆಯ ಮಾತು. ಬಂದ ಮೇಲೆ ಕತ್ತರಿಸಿ.

ಇನ್ನೊಂದು ವಿಷಯ. ಶಕ್ತಿಮಾನ್ ತಯಾರಿಕೆ 1990ರ ದಶಕದಲ್ಲೇ ನಿಂತಿದೆ. ಪೂರ್ತಿ ಉದ್ದದ್ದು ಸಿಗುವುದೇ ದಿನೇ ದಿನೇ ಕಷ್ಟವಾಗುತ್ತಿದೆ. ಕತ್ತರಿಸಿದ ಚಾಸಿ ಮತ್ತೆ ಮೊದಲಿನಂತಾಗುವುದಿಲ್ಲ. ನಂಜನಗೂಡಿನ ನೆರೆಯಲ್ಲಿ ಜನರನ್ನು ಸಾಗಿಸಬೇಕಾದರೆ ಉದ್ದನೆಯ ಬಾಡಿಯೇ ಬೇಕು, ಅದರಲ್ಲಿ ಜಾಸ್ತಿ ಜನ ಕೂರುತ್ತಾರೆ. ಗಿಡ್ಡ ಗಾಡಿಯೇ ಬೇಕು ಅನ್ನುವವರಿಗೆ ಸೈನ್ಯದ ಹಳೆಯ ಮಾರುತಿ ಜಿಪ್ಸಿ ಜೀಪುಗಳೂ ಹರಾಜಿಗೆ ಬರುತ್ತವೆ. ಅದರ ವೀಲ್‌ಬೇಸ್ 2,375 ಮಿ.ಮೀ., ತೂಕ ಹೆಚ್ಚುಕಡಿಮೆ ಒಂದು ಟನ್, ನಾಲ್ಕೂ ಚಕ್ರಕ್ಕೆ ಎಳೆತ. ಎರೆಮಣ್ಣಿನಲ್ಲಿ ಹಗುರ ಗಾಡಿ ಅಷ್ಟು ಸುಲಭಕ್ಕೆ ಹೂಳುವುದೂ ಇಲ್ಲ. ಆರ್‌ಸಿಯಲ್ಲಿ ಬರೆದ ಅಳತೆಯೇ ಗಾಡಿಯ ಅಳತೆಯೂ ಆಗಿರುತ್ತದೆ.